ಕರೆಯದೆ ಬಂದ ಜಾಹೀರಾತು

ಸರಕನ್ನು ಮಾರುವವನು ಅದರ ಗುಣವನ್ನು ಜನರಿಗೆ ಸಾರಿ ಹೇಳುವುದು ಬಹಳ ಹಿಂದಿನಿಂದ ಬಂದ ಪದ್ಧತಿ. ಬೀದಿಯಲ್ಲಿ ಬಳೆಗಾರನ ಕೂಗು, ಸಿನಿಮಾದ ಹೆಸರನ್ನು ಸಾರುತ್ತ ಹೋಗುವ ಗಾಡಿ, ಬಸ್ ನಿಲ್ದಾಣದ ಗೋಡೆಯ ಮೇಲಿನ ಭಿತ್ತಿಪತ್ರ, ವೃತ್ತಪತ್ರಿಕೆಯ ಅಂಚಿನಲ್ಲಿರುವ ಪ್ರಕಟಣೆ, ಇವೆಲ್ಲವೂ ಜಾಹೀರಾತಿನ ಬಗೆಬಗೆಯ ರೂಪಗಳು. ಇವುಗಳಿಂದ ಕೊಳ್ಳುವವನಿಗೂ ಪ್ರಯೋಜನವುಂಟು. ಯಾವ ವಸ್ತು ಎಲ್ಲಿ, ಯಾವ ಬೆಲೆಗೆ ದೊರೆಯುತ್ತದೆಂಬುದು ಅವನಿಗೆ ತಿಳಿಯುತ್ತದೆ. ಮೇಲಾಗಿ ಈ ಜಾಹೀರಾತುಗಳಿಗೆ ಒಂದು ಮರ್ಯಾದೆಯಿದೆ. ಬೇಡವೆನಿಸಿದವನು ಮುಖವನ್ನು ತಿರುಗಿಸಬಹುದು, ಪುಟವನ್ನು ಮಗುಚಬಹುದು. ಬಳೆಗಾರನು ಹೊಸ್ತಿಲಿನ ಹೊರಗೆ ನಿಂತೇ ಕೂಗುತ್ತಾನೆ. ಒಳಗಿನವರು ಕರೆದರೆ ಮಾತ್ರ ಜಗುಲಿಗೆ ಬಂದು ಮಲಾರವನ್ನು ಇಳಿಸುತ್ತಾನೆ.

ಗಣಕಯಂತ್ರಗಳು ಮನೆಗಳನ್ನೂ ಶಾಲೆಗಳನ್ನೂ ಪ್ರವೇಶಿಸಿದ ಮೇಲೆ ಈ ಹೊಸ್ತಿಲನ್ನು ಲೆಕ್ಕಿಸದ ಹೊಸ ಬಗೆಯ ಜಾಹೀರಾತೊಂದು ಹುಟ್ಟಿಕೊಂಡಿತು. ಗಣಕಯಂತ್ರಕ್ಕೆ ಹೇಗೆ ಕೆಲಸ ಮಾಡಬೇಕೆಂಬುದನ್ನು ತಿಳಿಸುವ ಸೂಚನೆಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಪತ್ರವನ್ನು ಬರೆಯಲು, ಚಿತ್ರವನ್ನು ತಿದ್ದಲು, ಲೆಕ್ಕವನ್ನು ಮಾಡಲು ಬೇರೆ ಬೇರೆ ತಂತ್ರಾಂಶಗಳಿವೆ. ಇವು ಯಂತ್ರದ ಒಡೆಯನ ಕೆಲಸವನ್ನು ಮಾಡುತ್ತವೆ. ಆದರೆ ಜಾಹೀರಾತನ್ನು ತೋರಿಸಿ ಮತ್ತಾರಿಗೋ ಲಾಭವನ್ನು ತಂದುಕೊಡುವುದಕ್ಕಾಗಿಯೇ ಯಂತ್ರದೊಳಗೆ ಸೇರಿಕೊಳ್ಳುವ ತಂತ್ರಾಂಶಗಳೂ ಇವೆ. ಇವಕ್ಕೆ ಆ್ಯಡ್‌ವೇರ್ ಎಂದು ಕರೆಯುತ್ತಾರೆ. ಉಚಿತವಾಗಿ ದೊರೆಯುವ ಕೆಲವು ತಂತ್ರಾಂಶಗಳು ತಾವು ಜಾಹೀರಾತನ್ನು ತೋರಿಸುವುದಾಗಿ ಮೊದಲೇ ಸ್ಪಷ್ಟವಾಗಿ ತಿಳಿಸುತ್ತವೆ. ಅವುಗಳನ್ನು ದೂರಬೇಕಾಗಿಲ್ಲ. ಒಡೆಯನಿಗೆ ತಿಳಿಯದಂತೆ ಒಳಗೆ ನುಸುಳಿ, ಹೊರಗೆ ಹಾಕಹೋದರೆ ಹಟಹಿಡಿದು ಕೂರುವ ತಂತ್ರಾಂಶವೇ ಇಲ್ಲಿ ವಿಚಾರಿಸಬೇಕಾದ ವಿಷಯ.

ಇಂತಹ ತಂತ್ರಾಂಶವು ಸೇರಿಕೊಂಡಿರುವುದನ್ನು ಕೆಲವು ಲಕ್ಷಣಗಳಿಂದ ಗುರುತಿಸಬಹುದು. ಅಂತರಜಾಲದ ಪುಟಗಳನ್ನು ತೋರಿಸುವ ಬ್ರೌಸರನ್ನು ತೆರೆದೊಡನೆ ಎಂದೂ ಕಾಣದ ಪುಟವೊಂದು ಎದುರಾಗುತ್ತದೆ. ಒಂದು ವಿಷಯವನ್ನು ಹುಡುಕಿದರೆ ಅಪರಿಚಿತವಾದ ಹುಡುಕುತಾಣವೊಂದು ಉತ್ತರವನ್ನು ಕೊಡುತ್ತದೆ. ಪಾಠಕ್ಕೆ ಸಂಬಂಧಿಸಿದ ಪುಟವನ್ನು ಓದುತ್ತಿರುವಾಗ ಒಂದರ ಮೇಲೊಂದರಂತೆ ಜಾಹೀರಾತುಗಳು ಚಿಮ್ಮಿ ಬರುತ್ತವೆ. ನಿನ್ನೆಯವರೆಗೆ ಚುರುಕಾಗಿದ್ದ ಯಂತ್ರವು ಮಂದವಾಗುತ್ತದೆ. ಈ ಲಕ್ಷಣಗಳಲ್ಲಿ ಒಂದೇ ಒಂದು ಕಂಡರೆ ಬೇರೆ ಕಾರಣವೂ ಇದ್ದೀತು. ಎರಡು ಮೂರು ಜೊತೆಯಾಗಿ ಕಂಡರೆ ಸಂದೇಹಪಡುವುದು ಯುಕ್ತ.

ಯಾರದೋ ಮನೆಯ ಯಂತ್ರದಲ್ಲಿ ಜಾಹೀರಾತನ್ನು ತೋರಿಸಲು ಇಷ್ಟು ಶ್ರಮಪಡುವವರಿಗೆ ಬರುವ ಲಾಭವಾದರೂ ಏನು? ಜಾಹೀರಾತೊಂದು ಕಣ್ಣಿಗೆ ಬಿದ್ದರೆ ಅಥವಾ ಅದನ್ನು ಯಾರಾದರೂ ಒತ್ತಿದರೆ ತೋರಿಸಿದವನಿಗೆ ಅಲ್ಪ ಹಣವು ಸಲ್ಲುತ್ತದೆ. ಒಂದು ಯಂತ್ರದಿಂದ ಬರುವುದು ಕೆಲವೇ ಪೈಸೆಗಳಾದರೂ ಲಕ್ಷಾಂತರ ಯಂತ್ರಗಳಿಂದ ಕೂಡಿದಾಗ ಅದು ದೊಡ್ಡ ಮೊತ್ತವಾಗುತ್ತದೆ. ತಂತ್ರಾಂಶವನ್ನು ಒಂದು ಯಂತ್ರಕ್ಕೆ ಸೇರಿಸಿದುದಕ್ಕೆ ಇಷ್ಟೆಂದು ಕೂಲಿಯನ್ನು ಕೊಡುವ ವ್ಯವಹಾರವೂ ಉಂಟು. ಅನೇಕ ತಂತ್ರಾಂಶಗಳು ಇಷ್ಟಕ್ಕೆ ತೃಪ್ತಿಪಡದೆ, ಬಳಸುವವನು ಯಾವ ಪುಟಗಳನ್ನು ನೋಡಿದನು, ಏನನ್ನು ಹುಡುಕಿದನು ಎಂಬುದನ್ನೆಲ್ಲ ಬರೆದಿಟ್ಟುಕೊಂಡು ಮಾರುತ್ತವೆ. ಹೀಗೆ ಮನೆಯವರ ಗಮನವೂ ಅಭಿರುಚಿಯೂ ಅವರಿಗೇ ತಿಳಿಯದಂತೆ ಮಾರಾಟದ ಸರಕಾಗುತ್ತವೆ.

ಈ ತಂತ್ರಾಂಶಗಳು ಸಾಮಾನ್ಯವಾಗಿ ಬೀಗವನ್ನು ಮುರಿದು ಬರುವುದಿಲ್ಲ. ಬಳಸುವವನೇ ತೆರೆದ ಬಾಗಿಲಿನಿಂದ ಬರುತ್ತವೆ. 'ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು' ಎಂಬ ಗಾದೆಯಿದೆ. ಪುಕ್ಕಟೆಯಾಗಿ ಸಿಗುವ ತಂತ್ರಾಂಶವನ್ನು ಅಂತರಜಾಲದಿಂದ ಇಳಿಸಿಕೊಳ್ಳುವಾಗ ಈ ಆಸೆಯೇ ಅನರ್ಥಕ್ಕೆ ಕಾರಣವಾಗುತ್ತದೆ. ಯಂತ್ರಕ್ಕೆ ತಂತ್ರಾಂಶವನ್ನು ಅಳವಡಿಸುವಾಗ ಪರದೆಯ ಮೇಲೆ ಒಂದಾದ ಮೇಲೊಂದು ಪ್ರಶ್ನೆಗಳು ಬರುತ್ತವೆ. ಆತುರದಲ್ಲಿರುವವನು ಏನನ್ನೂ ಓದದೆ 'ನೆಕ್ಸ್ಟ್', 'ಐ ಅಗ್ರೀ' ಎಂಬ ಗುಂಡಿಗಳನ್ನು ಒತ್ತುತ್ತ ಹೋಗುತ್ತಾನೆ. ಆ ಪ್ರಶ್ನೆಗಳ ನಡುವೆ, 'ಈ ಇನ್ನೊಂದು ತಂತ್ರಾಂಶವನ್ನೂ ಸೇರಿಸಲೇ?' ಎಂಬ ಪ್ರಶ್ನೆಯು ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತದೆ. ಅದರ ಮುಂದಿನ ಚೌಕದಲ್ಲಿ ಒಪ್ಪಿಗೆಯ ಗುರುತನ್ನೂ ಮೊದಲೇ ಹಾಕಿಟ್ಟಿರುತ್ತಾರೆ. ಇದು ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತೆಯೇ ಸರಿ.

ಹೆಸರುವಾಸಿಯಾದ ತಾಣಗಳಲ್ಲಿಯೂ ಹೀಗೆ ನಡೆದುದುಂಟು. ಗಿಂಪ್ ಎಂಬುದು ಚಿತ್ರಗಳನ್ನು ತಿದ್ದಲು ಬಳಸುವ, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಉತ್ತಮ ತಂತ್ರಾಂಶ. ಸೋರ್ಸ್‌ಫೋರ್ಜ್ ಎಂಬ ಪ್ರಸಿದ್ಧ ತಾಣದಲ್ಲಿ ಅದರ ಪ್ರತಿಯೊಂದು ದೊರೆಯುತ್ತಿತ್ತು. ೨೦೧೫ರಲ್ಲಿ ಆ ತಾಣದವರು ಗಿಂಪ್‌ನ ಜೊತೆಗೆ ಬೇರೆ ತಂತ್ರಾಂಶಗಳನ್ನೂ ಕಟ್ಟಿ ಕೊಡುತ್ತಿದ್ದುದು ಬಯಲಾಗಿ, ಗಿಂಪನ್ನು ರೂಪಿಸಿದವರು ಬಹಿರಂಗವಾಗಿ ಪ್ರತಿಭಟಿಸಿದರು. ೨೦೧೬ರಲ್ಲಿ ತಾಣವು ಹೊಸ ಒಡೆಯರ ಕೈಸೇರಿದ ಮೇಲೆ ಹೀಗೆ ಕಟ್ಟಿಕೊಡುವ ಪದ್ಧತಿಯನ್ನೇ ನಿಲ್ಲಿಸಲಾಯಿತು. ಮೂಲ ತಂತ್ರಾಂಶವು ಒಳ್ಳೆಯದಾದ ಮಾತ್ರಕ್ಕೆ ಅದನ್ನು ಹಂಚುವವನ ಕೈಯೂ ಶುದ್ಧವೆಂದು ತಿಳಿಯಲಾಗದು ಎಂಬುದಕ್ಕೆ ಇದೊಂದು ನಿದರ್ಶನ.

ಬಳಸುವವನು ಯಾವ ಗುಂಡಿಯನ್ನೂ ಒತ್ತದಿದ್ದರೂ, ಯಂತ್ರವನ್ನು ಕೊಂಡು ತಂದಾಗಲೇ ಅದರಲ್ಲಿ ಜಾಹೀರಾತಿನ ತಂತ್ರಾಂಶವು ಕುಳಿತಿದ್ದ ಪ್ರಸಂಗವೂ ಒಂದುಂಟು. ಅದನ್ನು ತಿಳಿದರೆ ಈ ಪಿಡುಗಿನ ನಿಜವಾದ ಅಪಾಯವು ಮನದಟ್ಟಾಗುತ್ತದೆ. ೨೦೧೪ರ ಉತ್ತರಾರ್ಧದಲ್ಲಿ ಲೆನೊವೊ ಸಂಸ್ಥೆಯು ಮಾರಿದ ಕೆಲವು ಮಾದರಿಯ ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಕಂಪನಿಯ ತಂತ್ರಾಂಶವನ್ನು ಮೊದಲೇ ಅಳವಡಿಸಲಾಗಿತ್ತು. ಅಂಗಡಿತಾಣವೊಂದರಲ್ಲಿ ಯಾವುದಾದರೊಂದು ವಸ್ತುವಿನ ಚಿತ್ರವನ್ನು ನೋಡಿದರೆ, ಅದನ್ನೇ ಹೋಲುವ ಬೇರೆ ವಸ್ತುಗಳ ಜಾಹೀರಾತನ್ನು ತೋರಿಸುವುದು ಅದರ ಕೆಲಸ. ಅದನ್ನು ಸಾಧಿಸಲು ಅದು ಹಿಡಿದ ದಾರಿ ಮಾತ್ರ ಅತ್ಯಂತ ಅಪಾಯಕರವಾಗಿತ್ತು.

ಬ್ಯಾಂಕಿನಂತಹ ತಾಣಗಳೊಡನೆ ವ್ಯವಹರಿಸುವಾಗ ಮಾತುಗಳು ಗೂಢಲಿಪಿಯಲ್ಲಿ ಸಾಗುತ್ತವೆ. ಎದುರಿಗಿರುವುದು ನಿಜವಾದ ಬ್ಯಾಂಕೇ ಎಂಬುದನ್ನು ತಿಳಿಯಲು ಬ್ರೌಸರ್ ಪ್ರಮಾಣಪತ್ರವನ್ನು ಕೇಳುತ್ತದೆ. ಆ ಪತ್ರದ ಮೇಲೆ ವಿಶ್ವಾಸಾರ್ಹ ಸಂಸ್ಥೆಯೊಂದರ ಮುದ್ರೆ ಇರಬೇಕು. ಯಾರ ಯಾರ ಮುದ್ರೆಯನ್ನು ನಂಬಬಹುದೆಂಬ ಪಟ್ಟಿಯು ಯಂತ್ರದಲ್ಲಿಯೇ ಇರುತ್ತದೆ. ಸೂಪರ್‌ಫಿಶ್ ತನ್ನ ಮುದ್ರೆಯನ್ನೂ ಆ ಪಟ್ಟಿಯಲ್ಲಿ ಸೇರಿಸಿಬಿಟ್ಟಿತು. ಬಳಿಕ ಬ್ರೌಸರ್ ಮತ್ತು ತಾಣದ ನಡುವೆ ತಾನು ನಿಂತು, ಗೂಢಲಿಪಿಯನ್ನು ಬಿಡಿಸಿ, ಜಾಹೀರಾತನ್ನು ಸೇರಿಸಿ, ತನ್ನದೇ ಮುದ್ರೆಯನ್ನೊತ್ತಿ ಮುಂದಕ್ಕೆ ಕಳುಹಿಸುತ್ತಿತ್ತು. ಅಂಚೆಯವನೇ ಲಕೋಟೆಯನ್ನು ಒಡೆದು, ಒಳಗೊಂದು ಚೀಟಿಯನ್ನಿಟ್ಟು, ಮತ್ತೆ ಅರಗಿನ ಮುದ್ರೆಯನ್ನು ಹಾಕಿ ತಲುಪಿಸಿದರೆ ಹೇಗಾದೀತೋ ಹಾಗೆಯೇ ಇದು.

ಇದಕ್ಕಿಂತಲೂ ಕೆಟ್ಟ ಸಂಗತಿಯೊಂದಿತ್ತು. ಆ ಮುದ್ರೆಯನ್ನೊತ್ತುವ ಅಚ್ಚು, ಎಂದರೆ ಗುಪ್ತ ಕೀಲಿ, ಆ ಎಲ್ಲ ಲ್ಯಾಪ್‌ಟಾಪ್‌ಗಳಲ್ಲಿಯೂ ಒಂದೇ ಆಗಿತ್ತು. ಅದನ್ನು ಕಾಯುತ್ತಿದ್ದ ಗುಪ್ತಪದವೂ ಸುಲಭವಾದುದಾಗಿತ್ತು. ೨೦೧೫ರ ಫೆಬ್ರವರಿಯಲ್ಲಿ ರಾಬರ್ಟ್ ಗ್ರಹಾಂ ಎಂಬ ಸುರಕ್ಷಾ ತಜ್ಞರು ಕೆಲವೇ ಗಂಟೆಗಳಲ್ಲಿ ಅದನ್ನು ಭೇದಿಸಿ ಪ್ರಕಟಿಸಿದರು. ತಂತ್ರಾಂಶದ ಒಂದು ಭಾಗವನ್ನು ಸಿದ್ಧಪಡಿಸಿದ್ದ ಕಂಪನಿಯ ಹೆಸರಾದ 'ಕೊಮೋಡಿಯ' ಎಂಬುದೇ ಆ ಗುಪ್ತಪದವಾಗಿತ್ತು! ಅಚ್ಚು ಕೈಗೆ ಸಿಕ್ಕಿದ ಮೋಸಗಾರನು ಸಾರ್ವಜನಿಕ ವೈ-ಫೈ ಇರುವ ಸ್ಥಳದಲ್ಲಿ ಕುಳಿತು, ಆ ಲ್ಯಾಪ್‌ಟಾಪ್‌ಗಳ ಎದುರು ತಾನೇ ಬ್ಯಾಂಕೆಂದು ನಟಿಸಲು ಸಾಧ್ಯವಿತ್ತು. ಅಮೆರಿಕದ ಸರ್ಕಾರವು ಕೂಡಲೇ ಜನರಿಗೆ ಎಚ್ಚರಿಕೆಯನ್ನು ನೀಡಿತು. ಲೆನೊವೊ ಅದನ್ನು ತೆಗೆದುಹಾಕುವ ಸಾಧನವನ್ನು ಒದಗಿಸಿತು. ತಂತ್ರಾಂಶವನ್ನಷ್ಟೇ ತೆಗೆದರೆ ಸಾಲದೆ, ಅದು ಪಟ್ಟಿಯಲ್ಲಿ ಬಿಟ್ಟುಹೋದ ಮುದ್ರೆಯನ್ನೂ ಬೇರೆಯಾಗಿ ಅಳಿಸಬೇಕಾಗಿತ್ತೆಂಬುದು ಗಮನಿಸಬೇಕಾದ ವಿಷಯ. ೨೦೧೭ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನೊಡನೆ ಆದ ಒಪ್ಪಂದದಂತೆ, ಇಂತಹ ತಂತ್ರಾಂಶವನ್ನು ಅಳವಡಿಸುವ ಮುನ್ನ ಕೊಳ್ಳುವವರ ಸ್ಪಷ್ಟವಾದ ಒಪ್ಪಿಗೆಯನ್ನು ಪಡೆಯಬೇಕೆಂಬ ನಿಬಂಧನೆಗೆ ಸಂಸ್ಥೆಯು ಒಳಪಟ್ಟಿತು; ೩೨ ರಾಜ್ಯಗಳಿಗೆ ೩೫ ಲಕ್ಷ ಡಾಲರುಗಳನ್ನು ತೆರಲೂ ಒಪ್ಪಿತು.

ಯಂತ್ರದೊಳಗೆ ಸೇರಿದ ಜಾಹೀರಾತು ತಂತ್ರಾಂಶವನ್ನು ಹೊರಹಾಕಲು ಗಾಬರಿಯೂ ಬೇಡ, ಆತುರವೂ ಬೇಡ. ಕ್ರಮವಾಗಿ ನಡೆದರೆ ಸಾಕು. ಮೊದಲು ಮುಖ್ಯವಾದ ಬರಹಗಳನ್ನೂ ಚಿತ್ರಗಳನ್ನೂ ಬೇರೆಡೆಗೆ ಪ್ರತಿಮಾಡಿಟ್ಟುಕೊಳ್ಳಬೇಕು. ಆಮೇಲೆ ವಿಂಡೋಸ್ ವ್ಯವಸ್ಥೆಯ ಯಂತ್ರವಾದರೆ 'ಸೆಟ್ಟಿಂಗ್ಸ್'ನಲ್ಲಿ 'ಆ್ಯಪ್ಸ್' ಎಂಬ ಭಾಗವನ್ನು ತೆರೆದು, ಅಲ್ಲಿರುವ ತಂತ್ರಾಂಶಗಳ ಪಟ್ಟಿಯನ್ನು ಸೇರಿದ ದಿನಾಂಕದ ಕ್ರಮದಲ್ಲಿ ನೋಡಬೇಕು. ತೊಂದರೆಯು ಆರಂಭವಾದ ದಿನಗಳಲ್ಲಿ ಸೇರಿದ ಅಪರಿಚಿತ ಹೆಸರುಗಳನ್ನು ಗುರುತಿಸಿ, ಅವು ಏನೆಂಬುದನ್ನು ವಿಚಾರಿಸಿ ತಿಳಿದುಕೊಂಡು, 'ಅನ್‌ಇನ್‌ಸ್ಟಾಲ್' ಎಂಬುದನ್ನು ಒತ್ತಿ ತೆಗೆಯಬೇಕು. ಯಂತ್ರದ ನಡೆಗೆ ಅಗತ್ಯವಾದ ತಂತ್ರಾಂಶವನ್ನು ತಿಳಿಯದೆ ತೆಗೆದರೆ ಕಳೆಯೊಡನೆ ಪೈರನ್ನೂ ಕಿತ್ತಂತಾಗುತ್ತದೆ. ಹೊರಗೆ ಹೋಗುವಾಗಲೂ ಕೆಲವು ತಂತ್ರಾಂಶಗಳು 'ಇರಲಿಬಿಡಿ' ಎಂಬ ಗುಂಡಿಯನ್ನೇ ದೊಡ್ಡದಾಗಿ ತೋರಿಸಿ ಮೋಸಗೊಳಿಸಲು ನೋಡುತ್ತವೆ. ಆದ್ದರಿಂದ ಆಗಲೂ ಓದಿಯೇ ಒತ್ತಬೇಕು.

ಎರಡನೆಯದಾಗಿ ಬ್ರೌಸರನ್ನು ಶುದ್ಧಗೊಳಿಸಬೇಕು. ಅದಕ್ಕೆ ಅಂಟಿಕೊಂಡ 'ಎಕ್ಸ್‌ಟೆನ್ಷನ್' ಎಂಬ ಕಿರುತಂತ್ರಾಂಶಗಳಲ್ಲಿ ಬೇಡವಾದವುಗಳನ್ನು ತೆಗೆದು, ಮೊದಲ ಪುಟವನ್ನೂ ಹುಡುಕುತಾಣವನ್ನೂ ಮುಂಚಿನಂತೆ ಮಾಡಬೇಕು. ಪರದೆಯ ಮೂಲೆಯಲ್ಲಿ ಸೂಚನೆಗಳನ್ನು ತೋರಿಸಲು ಯಾವುದಾದರೂ ಅಪರಿಚಿತ ತಾಣಕ್ಕೆ ಅನುಮತಿ ದೊರೆತಿದ್ದರೆ ಅದನ್ನು ಹಿಂತೆಗೆದುಕೊಳ್ಳಬೇಕು. ಮೂರನೆಯದಾಗಿ ವಿಂಡೋಸ್‌ನಲ್ಲಿಯೇ ಇರುವ ಡಿಫೆಂಡರ್‌ನಿಂದ ಇಡೀ ಯಂತ್ರವನ್ನು ಶೋಧಿಸಬೇಕು. ಮಾಲ್‌ವೇರ್‌ಬೈಟ್ಸ್ ಸಂಸ್ಥೆಯ ಆ್ಯಡ್‌ಡಬ್ಲ್ಯುಕ್ಲೀನರ್‌ನಂತಹ ಉಚಿತ ಸಾಧನಗಳೂ ಇವೆ. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು ೨೦೧೭ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವೂ ಯಂತ್ರಶುದ್ಧಿಯ ಸಾಧನಗಳನ್ನು ಉಚಿತವಾಗಿ ಒದಗಿಸುತ್ತದೆ. ಕೊನೆಗೆ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿ ಪರೀಕ್ಷಿಸಬೇಕು; ಶುದ್ಧವಾಯಿತೆಂದು ತಿಳಿದ ಬಳಿಕ ಮುಖ್ಯವಾದ ಗುಪ್ತಪದಗಳನ್ನು ಬದಲಾಯಿಸಬೇಕು. ಇಷ್ಟಾದರೂ ಕಾಟವು ನಿಲ್ಲದಿದ್ದರೆ ಬಲ್ಲವರ ನೆರವಿನಿಂದ ವಿಂಡೋಸನ್ನೇ ಹೊಸದಾಗಿ ಅಳವಡಿಸುವುದು ಲೇಸು.

'ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು' ಎಂಬಂತಾಗದಿರಲು ಕೆಲವು ನಿಯಮಗಳನ್ನು ರೂಢಿಸಿಕೊಳ್ಳಬೇಕು. ತಂತ್ರಾಂಶವನ್ನು ಅದರ ತಯಾರಕರ ಸ್ವಂತ ತಾಣದಿಂದಲೇ ಪಡೆಯಬೇಕು. ಕನ್ನಡ ಬರವಣಿಗೆಗಾಗಿ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ಬೇಕಾದರೂ ಅಷ್ಟೆ, ಬೇರೆ ಯಾವುದು ಬೇಕಾದರೂ ಅಷ್ಟೆ. ಹುಡುಕಿದೊಡನೆ ಮೊದಲು ಕಂಡ ತಾಣವನ್ನು ನಂಬಬಾರದು. ಅಳವಡಿಸುವಾಗ 'ಕಸ್ಟಮ್' ಎಂಬ ದಾರಿಯಿದ್ದರೆ ಅದನ್ನೇ ಆರಿಸಿ, ಬೇಡವಾದುದರ ಮುಂದಿನ ಗುರುತನ್ನು ಅಳಿಸಬೇಕು. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶದ ಕಳ್ಳಪ್ರತಿಯು ನ್ಯಾಯಕ್ಕೂ ವಿರುದ್ಧ, ಯಂತ್ರಕ್ಕೂ ಅಪಾಯಕರ. 'ನಿಮ್ಮ ಗಣಕಕ್ಕೆ ವೈರಸ್ ತಗುಲಿದೆ, ಕೂಡಲೇ ಈ ಸಂಖ್ಯೆಗೆ ಕರೆಮಾಡಿ' ಎಂದು ಬೆದರಿಸುವ ಪುಟವನ್ನು ಮುಚ್ಚಬೇಕೇ ಹೊರತು ಕರೆಮಾಡಬಾರದು. ವಿಂಡೋಸನ್ನೂ ಬ್ರೌಸರನ್ನೂ ಕಾಲಕಾಲಕ್ಕೆ ನವೀಕರಿಸಬೇಕು. ಹೀಗೆ ನುಸುಳಿದವರಿಂದ ಹಣವೇ ಮೋಸಹೋದರೆ ತಡಮಾಡದೆ ೧೯೩೦ ಎಂಬ ಸಹಾಯವಾಣಿಗೆ ತಿಳಿಸಬೇಕು.

ಕಾನೂನಿನ ರಕ್ಷಣೆಯೂ ಇದೆ. ಭಾರತದ ಮಾಹಿತಿ ತಂತ್ರಜ್ಞಾನ ಅಧಿನಿಯಮ, ೨೦೦೦ರ ೪೩ನೆಯ ಪ್ರಕರಣದಂತೆ, ಒಡೆಯನ ಅನುಮತಿಯಿಲ್ಲದೆ ಗಣಕಯಂತ್ರಕ್ಕೆ ಹಾನಿಕರವಾದ ತಂತ್ರಾಂಶವನ್ನು ಸೇರಿಸಿದವನು ನಷ್ಟವನ್ನು ಕಟ್ಟಿಕೊಡಬೇಕಾಗುತ್ತದೆ. ಆದರೆ 'ಅನುಮತಿಯಿಲ್ಲದೆ' ಎಂಬ ಮಾತಿನಲ್ಲಿಯೇ ಒಂದು ತೊಡಕಿದೆ. ಓದದೆ ಒತ್ತಿದ ಗುಂಡಿಯನ್ನೇ ಮುಂದಿಟ್ಟು, 'ಇಗೋ ಅನುಮತಿ' ಎಂದು ತಂತ್ರಾಂಶದವನು ವಾದಿಸಬಹುದು. ಓದದ ಕಾಗದಕ್ಕೆ ಹೆಬ್ಬೆಟ್ಟನ್ನು ಒತ್ತಿ ಹೊಲಮನೆಗಳನ್ನು ಕಳೆದುಕೊಂಡ ರೈತರ ದುಃಖವನ್ನು ಹಳ್ಳಿಗಳು ಬಲ್ಲವು. ಅಂದು ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಮೋಸಹೋದುದಕ್ಕೆ ಅದೊಂದು ಕಾರಣವಿತ್ತು. ಅಕ್ಷರವನ್ನು ಕಲಿತ ವಿದ್ಯಾರ್ಥಿಗೆ ಆ ಕಾರಣವಿಲ್ಲ. ಪರದೆಯ ಮೇಲಿನ ನಾಲ್ಕು ಸಾಲುಗಳನ್ನು ಓದಲು ಬೇಕಾಗುವುದು ಅರ್ಧ ನಿಮಿಷದ ತಾಳ್ಮೆ. ಅದನ್ನು ರೂಢಿಸಿಕೊಂಡವನು ತನ್ನ ಯಂತ್ರವನ್ನೂ, ಮನೆಯವರ ಹಣವನ್ನೂ, ತನ್ನ ಗಮನವನ್ನೂ ಕಾಪಾಡಿಕೊಳ್ಳುತ್ತಾನೆ.