ಒಂದು ನಳಿಕೆಗೆ ಒಪ್ಪಿದ ಗುಂಡು ಇನ್ನೊಂದಕ್ಕೆ ಒಪ್ಪದು

ಮುಂಗಾರಿಗೆ ಮುನ್ನ ಬೀದರ್ ಸೀಮೆಯ ಅನುಭವಸ್ಥ ರೈತ ಸೋಯಾ ಬೀಜದ ಚೀಲ ತಂದ ಕೂಡಲೇ ಹೊಲಕ್ಕೆ ಸುರಿಯುವುದಿಲ್ಲ. ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಎಷ್ಟು ಮೊಳಕೆ ಬಂದವು ಎಂದು ನೋಡುತ್ತಾನೆ. ಕಂಪನಿ ಅದೇ, ತಳಿ ಅದೇ, ಬೆಲೆಯೂ ಅದೇ. ಆದರೆ ಚೀಲದ ಮೇಲಿನ ಲಾಟ್ ಸಂಖ್ಯೆ ಬದಲಾದರೆ ಮೊಳಕೆಯ ಲೆಕ್ಕವೂ ಬದಲಾಗಬಹುದು ಎಂಬುದು ಅವನಿಗೆ ಗೊತ್ತು. ರೈಫಲ್ ಶೂಟಿಂಗ್ ಕ್ರೀಡೆಯಲ್ಲಿ ಗುಂಡು ಆರಿಸುವ ಕೆಲಸವೂ ಹೆಚ್ಚುಕಡಿಮೆ ಇದೇ ಬಗೆಯದು. ಇಲ್ಲಿ ಒಂದು ತೊಡಕು ಹೆಚ್ಚು. ಬೀಜ ಒಳ್ಳೆಯದಾಗಿದ್ದರೆ ಯಾರ ಹೊಲದಲ್ಲೂ ಒಳ್ಳೆಯದೇ. ಗುಂಡು ಹಾಗಲ್ಲ, ಒಂದು ರೈಫಲ್‌ನಲ್ಲಿ ಪದಕ ತರುವ ಗುಂಡು ಪಕ್ಕದ ರೈಫಲ್‌ನಲ್ಲಿ ಕೈಕೊಡಬಹುದು.

ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿದ್ದವರಿಗೆ .22 ರೈಫಲ್ ಹೊಸದೇನಲ್ಲ. 1948ರಲ್ಲಿ ಆರಂಭವಾದ ಈ ಪಡೆಯ ಲಕ್ಷಾಂತರ ಕೆಡೆಟ್‌ಗಳು ನೆಲದ ಮೇಲೆ ಬೋರಲು ಮಲಗಿ, ಬೋಲ್ಟ್ ಎಳೆದು, ಒಂದೊಂದೇ ಗುಂಡು ತುಂಬಿ ಹಾರಿಸಿದವರೇ. ಗುಂಡುಗಳು ಹಾಳೆಯ ಮೇಲೆ ಎಷ್ಟು ಒತ್ತೊತ್ತಾಗಿ ಬಿದ್ದವು ಎಂಬುದಕ್ಕೆ 'ಗ್ರೂಪಿಂಗ್' ಎನ್ನುತ್ತಾರೆ. ಗುಂಡುಗಳು ಚದುರಿದರೆ ಉಸಿರು ಬಿಗಿ ಹಿಡಿಯಲಿಲ್ಲ, ಕುದುರೆಯನ್ನು ಝಾಡಿಸಿ ಎಳೆದೆ ಎಂದು ಉಸ್ತಾದರು ಗದರುವುದು ವಾಡಿಕೆ. ಬಹುಪಾಲು ಅದು ನಿಜವೇ. ಆದರೆ ಯಾವಾಗಲೂ ಅಲ್ಲ.

ತೋಪಿನ ಕಾಲದಿಂದ

ನಳಿಕೆಗೂ ಗುಂಡಿಗೂ ಹೊಂದಾಣಿಕೆ ಬೇಕೆಂಬ ತಿಳಿವಳಿಕೆ ಹಳೆಯದು. ಬೀದರ್ ಕೋಟೆಯ ಬುರುಜುಗಳ ಮೇಲೆ ಇಂದಿಗೂ ಕಾಣುವ ತೋಪುಗಳ ಕಾಲದಲ್ಲೇ ಅದು ಇತ್ತು. ದಖನ್ನಿನ ಕೆಲವು ತೋಪುಗಳ ಮೇಲೆ ಅವು ಹಾರಿಸಬೇಕಾದ ಗುಂಡಿನ ತೂಕವನ್ನೂ ಹಾಕಬೇಕಾದ ಮದ್ದಿನ ತೂಕವನ್ನೂ ಕೊರೆದಿಡುತ್ತಿದ್ದರು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದು, ಮುಂದೆ ವಿಜಾಪುರಕ್ಕೆ ಬಂದ ಮಲಿಕ್-ಎ-ಮೈದಾನ್ ತೋಪಿನ ಬಾಯಿ ಸುಮಾರು 70 ಸೆಂಟಿಮೀಟರ್ ಅಗಲ. ಒಂದು ತೋಪಿನ ಗುಂಡು ಇನ್ನೊಂದಕ್ಕೆ ಸಲ್ಲುತ್ತಿರಲಿಲ್ಲ.

ಬಾಯಿಯಿಂದ ತುಂಬುವ ಇಂಥ ತೋಪುಗಳಲ್ಲಿ ಗುಂಡು ನಳಿಕೆಗಿಂತ ಕೊಂಚ ಸಣ್ಣದಾಗಿರಲೇಬೇಕಿತ್ತು. ಇಲ್ಲದಿದ್ದರೆ ಒಳಗೆ ಇಳಿಯದು. ಆ ಸಂದಿಯಲ್ಲಿ ಮದ್ದಿನ ಹೊಗೆ ಸೋರುತ್ತಿತ್ತು. ಗುಂಡು ಗೋಡೆಯಿಂದ ಗೋಡೆಗೆ ತಾಗುತ್ತಾ ಬಂದು, ಕೊನೆಯಲ್ಲಿ ಯಾವ ಗೋಡೆಗೆ ತಾಗಿತೋ ಅದರ ಎದುರು ದಿಕ್ಕಿಗೆ ವಾಲುತ್ತಿತ್ತು.

ನಳಿಕೆಯ ಒಳಗೆ ಸುರುಳಿ ಗೀರು ಕೊರೆದು ಗುಂಡನ್ನು ಬುಗುರಿಯಂತೆ ತಿರುಗಿಸುವ ಉಪಾಯದಿಂದ ಗುರಿ ನೆಟ್ಟಗಾಯಿತು. ಆದರೆ ಗೀರುಗಳನ್ನು ಗುಂಡು ಬಿಗಿಯಾಗಿ ಕಚ್ಚಬೇಕು, ತುಂಬುವುದೂ ಸುಲಭವಾಗಿರಬೇಕು. ಫ್ರಾನ್ಸಿನ ಸೇನಾಧಿಕಾರಿ ಮಿನಿಯೆ 1849ರಲ್ಲಿ ಇದಕ್ಕೊಂದು ದಾರಿ ತೋರಿಸಿದ. ಸಡಿಲವಾಗಿ ಒಳಗಿಳಿಯುವ ಅವನ ಗುಂಡಿನ ತಳ ಟೊಳ್ಳು. ಮದ್ದು ಸಿಡಿದಾಗ ಅದು ಹಿಗ್ಗಿ ಗೀರುಗಳಿಗೆ ಕಚ್ಚಿಕೊಳ್ಳುತ್ತಿತ್ತು. ಇದೇ ಜಾತಿಯ ಗುಂಡು ಬಳಸಿದ 1853ರ ಎನ್‌ಫೀಲ್ಡ್ ರೈಫಲ್ ನಮ್ಮ ಚರಿತ್ರೆಗೂ ಪ್ರವೇಶಿಸಿತು. ಕಾಗದ ಸುತ್ತಿದ ಕಾಡತೂಸು ನಳಿಕೆಯಲ್ಲಿ ಸರಾಗವಾಗಿ ಜಾರಲೆಂದು ಸವರಿದ ಕೊಬ್ಬೇ 1857ರಲ್ಲಿ ಸಿಪಾಯಿಗಳ ಆಕ್ರೋಶಕ್ಕೆ ಕಿಡಿಯಾಯಿತು.

ಪುಟ್ಟ ಕಾಡತೂಸಿನ ಒಳಗೆ

ಇಂದು 50 ಮೀಟರ್ ಸ್ಪರ್ಧೆಯಲ್ಲಿ ಬಳಸುವ .22 ಲಾಂಗ್ ರೈಫಲ್ ಕಾಡತೂಸು 1887ರಿಂದ ಬಳಕೆಯಲ್ಲಿದೆ. ಅದರ ಸೀಸದ ಗುಂಡಿನ ತೂಕ ಸುಮಾರು 2.6 ಗ್ರಾಂ. ಗುಂಡಿನ ಮೇಲೆ ಮೇಣ ಇಲ್ಲವೇ ಕೊಬ್ಬಿನ ತೆಳು ಲೇಪವಿರುತ್ತದೆ. ಕಿಡಿ ಹೊತ್ತಿಸುವ ರಾಸಾಯನಿಕ ಕಾಡತೂಸಿನ ತಳದ ಅಂಚಿನ ಟೊಳ್ಳಿನಲ್ಲಿ ಸುತ್ತಲೂ ಹರಡಿರುತ್ತದೆ. ಅದು ಎಲ್ಲ ಕಡೆ ಒಂದೇ ಸಮನಾಗಿ ಹರಡಬೇಕು, ಮದ್ದು ಒಂದೇ ತೂಕದಲ್ಲಿ ಬೀಳಬೇಕು, ಸೀಸದ ತಳ ಎಲ್ಲೂ ನಗ್ಗಬಾರದು. ಒಂದೇ ಯಂತ್ರ, ಒಂದೇ ಮದ್ದು, ಒಂದೇ ಸಲದ ತಯಾರಿಕೆ ಸೇರಿ ಒಂದು 'ಲಾಟ್' ಆಗುತ್ತದೆ. ಮುಂದಿನ ಲಾಟಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತದೆ.

ಕೂದಲೆಳೆಯ ವ್ಯತ್ಯಾಸಕ್ಕೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು? ಲೆಕ್ಕ ಹಾಕಿ ನೋಡಬಹುದು. 50 ಮೀಟರ್ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತ ಕೇವಲ 10.4 ಮಿಲಿಮೀಟರ್ ಅಗಲ. ಗುಂಡಿನ ಅಗಲ 5.6 ಮಿಲಿಮೀಟರ್. ಗುಂಡಿನ ಅಂಚು ವೃತ್ತಕ್ಕೆ ತಾಗಿದರೂ ಹತ್ತು ಸಿಗುತ್ತದೆ. ಅಂದರೆ ಗುಂಡಿನ ನಡುಬಿಂದು ಗುರಿಯ ನಡುಬಿಂದುವಿನಿಂದ 8 ಮಿಲಿಮೀಟರ್‌ಗಿಂತ ಆಚೆ ಹೋಗಬಾರದು. ದಾರಿಯುದ್ದಕ್ಕೂ ಸರಾಸರಿ ಸೆಕೆಂಡಿಗೆ 320 ಮೀಟರ್ ವೇಗದಲ್ಲಿ ಸಾಗುವ ಗುಂಡು 50 ಮೀಟರ್ ಮುಟ್ಟುವಷ್ಟರಲ್ಲಿ ಭೂಮಿಯ ಸೆಳೆತಕ್ಕೆ ಸುಮಾರು 12 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಇದು ಎಲ್ಲ ಗುಂಡಿಗೂ ಒಂದೇ ಆಗಿದ್ದರೆ ತೊಂದರೆಯಿಲ್ಲ. ಕಿಂಡಿಯನ್ನು ತಿರುಗಿಸಿ ಸರಿಪಡಿಸಬಹುದು. ಆದರೆ ಅದೇ ಪೆಟ್ಟಿಗೆಯ ಇನ್ನೊಂದು ಗುಂಡು ಸೆಕೆಂಡಿಗೆ 10 ಮೀಟರ್ ನಿಧಾನವಾಗಿ ಹೋದರೆ ಅದು ಇನ್ನೂ 8 ಮಿಲಿಮೀಟರ್ ಕೆಳಗೆ ಬೀಳುತ್ತದೆ. ಗುರಿಕಾರ ಎಳ್ಳಷ್ಟೂ ತಪ್ಪು ಮಾಡದಿದ್ದರೂ ಹತ್ತರ ಅಂಚಿಗೆ ಬಂದು ನಿಂತಂತಾಯಿತು!

ನಳಿಕೆಯ ನಡುಕ

ಹಾಗಾದರೆ ವೇಗ ಏರುಪೇರಾಗದ ಉತ್ತಮ ಗುಂಡನ್ನೇ ಎಲ್ಲರೂ ಕೊಂಡರೆ ಮುಗಿಯಿತಲ್ಲ? ಇಲ್ಲಿ ನಳಿಕೆಯ ಸ್ವಭಾವ ಅಡ್ಡ ಬರುತ್ತದೆ. ಒಂದೇ ಕಾರ್ಖಾನೆಯ ಎರಡು ನಳಿಕೆಗಳ ಒಳ ಅಗಲ, ಗುಂಡು ಕೂರುವ ಕೋಣೆಯ ಉದ್ದ, ಬಾಯಂಚಿನ ನಯ ಇವು ಕೊಂಚ ಬೇರೆಯಾಗಿರುತ್ತವೆ. ಅದಕ್ಕಿಂತ ಮುಖ್ಯವಾದದ್ದು ನಡುಕ. ಮದ್ದು ಸಿಡಿದು ಗುಂಡು ಹೊರಬೀಳುವುದಕ್ಕೆ ಸೆಕೆಂಡಿನ ಸಾವಿರದ ಕೆಲವೇ ಅಂಶ ಸಾಕು. ಅಷ್ಟರೊಳಗೆ ನಳಿಕೆ ಮೀಟಿದ ತಂತಿಯಂತೆ ಕಂಪಿಸತೊಡಗುತ್ತದೆ. ಅದರ ಬಾಯಿ ಮೇಲೆ ಕೆಳಗೆ ಆಡುತ್ತದೆ.

ಬಾಯಿ ಮೇಲಕ್ಕೇಳುತ್ತಿರುವ ಗಳಿಗೆಯಲ್ಲಿ ಗುಂಡು ಹೊರಟರೆ ಒಂದು ಸೋಜಿಗ ನಡೆಯುತ್ತದೆ. ವೇಗದ ಗುಂಡು ಬೇಗ ಹೊರಬೀಳುತ್ತದೆ, ಆಗ ಬಾಯಿ ಕೊಂಚ ಕೆಳಗಿರುತ್ತದೆ. ನಿಧಾನದ ಗುಂಡು ತಡವಾಗಿ ಬರುತ್ತದೆ, ಆಗ ಬಾಯಿ ಕೊಂಚ ಮೇಲೆದ್ದಿರುತ್ತದೆ. ಹೆಚ್ಚು ಇಳಿಯಬೇಕಾದ ಗುಂಡಿಗೆ ನಳಿಕೆಯೇ ಸ್ವಲ್ಪ ಎತ್ತರ ಕೊಟ್ಟು ಕಳಿಸಿದಂತಾಗಿ, ಎರಡೂ ಹೆಚ್ಚುಕಡಿಮೆ ಒಂದೇ ಕಡೆ ಬೀಳುತ್ತವೆ. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ .303 ಲೀ-ಎನ್‌ಫೀಲ್ಡ್ ದೂರದ ಗುರಿಗೆ ಹೆಸರಾಗಿದ್ದರಲ್ಲಿ ಈ ಗುಣದ ಪಾತ್ರವೂ ಇತ್ತು. ಆದರೆ ಬಾಯಿ ಕೆಳಗಿಳಿಯುವ ಗಳಿಗೆಯಲ್ಲಿ ಹೊರಟರೆ ತಪ್ಪು ಇಮ್ಮಡಿಯಾಗುತ್ತದೆ. ಯಾವ ಲಾಟಿನ ಗುಂಡು ಯಾವ ನಳಿಕೆಯಿಂದ ಯಾವ ಗಳಿಗೆಯಲ್ಲಿ ಹೊರಡುತ್ತದೆ ಎಂಬುದು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಹಾರಿಸಿಯೇ ನೋಡಬೇಕು.

ಹಾರಿಸಿ ನೋಡುವುದನ್ನು ಶಾಸ್ತ್ರವಾಗಿಸಿದವರಲ್ಲಿ ಅಮೆರಿಕದ ವೈದ್ಯ ಫ್ರಾಂಕ್ಲಿನ್ ಮನ್ ಪ್ರಮುಖ. ಎಲ್ಲ ಗುಂಡುಗಳೂ ಒಂದೇ ತೂತಿನಲ್ಲಿ ಏಕೆ ಹೋಗುವುದಿಲ್ಲ ಎಂಬ ಒಂದೇ ಪ್ರಶ್ನೆಗೆ ದಶಕಗಳ ಕಾಲ ಪ್ರಯೋಗ ನಡೆಸಿ, 1909ರಲ್ಲಿ ಪುಸ್ತಕ ಪ್ರಕಟಿಸಿದರು. ಈಗ ಇಂಗ್ಲೆಂಡಿನ ಈಲಿ, ಫಿನ್ಲೆಂಡ್ ಮೂಲದ ಲಾಪುವಾ ಮುಂತಾದ ಕಂಪನಿಗಳೇ ಈ ಪರೀಕ್ಷೆಗೆ ಅನುಕೂಲ ಕಲ್ಪಿಸಿವೆ. ಸ್ಪರ್ಧಿಗಳು ತಮ್ಮ ರೈಫಲ್ ಹೊತ್ತು ಅಲ್ಲಿಗೆ ಹೋಗುತ್ತಾರೆ. ಅದನ್ನು ಉಕ್ಕಿನ ಹಿಡಿಕೆಯಲ್ಲಿ ಬಿಗಿದು, ಮನುಷ್ಯನ ಉಸಿರು, ನಾಡಿ ಯಾವುದೂ ತಾಗದಂತೆ, ಲಾಟಿನ ಮೇಲೆ ಲಾಟು ಹಾರಿಸಿ ಅಳೆಯಲಾಗುತ್ತದೆ. ಒಪ್ಪಿದ ಲಾಟು ಸಿಕ್ಕರೆ ಸಾವಿರಗಟ್ಟಲೆ ಗುಂಡು ಒಟ್ಟಿಗೆ ಕೊಳ್ಳುತ್ತಾರೆ.

ಐದು ಗುಂಡಿನ ಮೋಸ

ಅಲ್ಲಿಗೆ ಹೋಗಲಾರದ ಕ್ಲಬ್ಬುಗಳು ಏನು ಮಾಡಬೇಕು? ಪರವಾನಗಿ ಇರುವ ರೇಂಜಿನಲ್ಲಿ, ಗಾಳಿಯಿಲ್ಲದ ಮುಂಜಾನೆ, ರೈಫಲನ್ನು ಮರಳುಚೀಲದ ಮೇಲಿಟ್ಟು ಇದೇ ಪರೀಕ್ಷೆಯನ್ನು ಸಾಕಷ್ಟು ಮಟ್ಟಿಗೆ ಮಾಡಬಹುದು. ಬ್ರಾಂಡ್ ಬದಲಿಸಿದಾಗ ಮೊದಲ ಹತ್ತಿಪ್ಪತ್ತು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಹಳೆಯ ಗುಂಡಿನ ಮೇಣ ಹೋಗಿ ಹೊಸದರ ಮೇಣ ನಳಿಕೆಗೆ ಹತ್ತಬೇಕು.

ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಐದು ಗುಂಡು ಹಾರಿಸಿ ತೀರ್ಪು ಕೊಡುವುದು. ನಾಣ್ಯ ಮೂರು ಸಲ ಚಿಮ್ಮಿ ಮೂರೂ ಸಲ ರಾಜನ ತಲೆ ಬಿದ್ದರೆ ನಾಣ್ಯವೇ ಖೋಟಾ ಎನ್ನಲಾದೀತೆ? ಸಾಧಾರಣ ಗುಂಡೂ ಅದೃಷ್ಟವಶಾತ್ ಒಮ್ಮೆ ಒತ್ತಾಗಿ ಬೀಳಬಹುದು. ಆದ್ದರಿಂದ ಪ್ರತಿ ಲಾಟಿನಿಂದ ಹತ್ತು ಹತ್ತು ಗುಂಡಿನ ನಾಲ್ಕು ಗುಂಪಾದರೂ ಹಾರಿಸಿ, ಪ್ರತಿ ಗುಂಪಿನಲ್ಲಿ ಅತಿ ದೂರದ ಎರಡು ತೂತುಗಳ ಅಂತರ ಅಳೆದು, ಸರಾಸರಿ ತೆಗೆಯಬೇಕು. ಅತ್ಯುತ್ತಮ ಗುಂಪನ್ನು ಕತ್ತರಿಸಿ ಗೋಡೆಗೆ ಅಂಟಿಸುವುದು ಸಂತೋಷದ ಕೆಲಸ. ಗುಂಡು ಆರಿಸಲು ಅದು ಆಧಾರವಲ್ಲ. ತೂತುಗಳು ಮೇಲೆ ಕೆಳಗೆ ಹರಡಿದ್ದರೆ ಗುಂಡಿನ ವೇಗವನ್ನೂ, ಅಡ್ಡಡ್ಡ ಹರಡಿದ್ದರೆ ಗಾಳಿಯನ್ನೂ ಮೊದಲು ಅನುಮಾನಿಸಬೇಕು.

10 ಮೀಟರ್ ಏರ್ ರೈಫಲ್‌ಗೂ ಈ ಮಾತು ಸಲ್ಲುತ್ತದೆ. ಹೊಸಬರು ಸಾಮಾನ್ಯವಾಗಿ ಹಿಡಿಯುವುದು ಇದನ್ನೇ. ಅದರ ಸೀಸದ ಪೆಲೆಟ್ 4.5 ಮಿಲಿಮೀಟರ್ ಎಂದು ಹೆಸರಾದರೂ ಪೆಟ್ಟಿಗೆಗಳು 4.49, 4.50, 4.51 ಎಂದು ಬೇರೆ ಬೇರೆ ಅಳತೆಯಲ್ಲಿ ಬರುತ್ತವೆ. ತನ್ನ ನಳಿಕೆಗೆ ಯಾವುದು ಸರಿ ಎಂದು ಹುಡುಕುವ ಕೆಲಸ ಇಲ್ಲೂ ತಪ್ಪಿದ್ದಲ್ಲ.

ದಶಮಾಂಶದ ಬೆಲೆ

2012ರ ಲಂಡನ್ ಒಲಿಂಪಿಕ್ಸ್‌ನ 50 ಮೀಟರ್ ಪ್ರೋನ್ ಸ್ಪರ್ಧೆಯಲ್ಲಿ ಬಂಗಾಳದ ಜಯದೀಪ್ ಕರ್ಮಾಕರ್ 699.1 ಅಂಕ ಗಳಿಸಿ ನಾಲ್ಕನೆಯವರಾದರು. ಕಂಚು ಗೆದ್ದವರಿಗೂ ಅವರಿಗೂ ಇದ್ದ ಅಂತರ 1.9 ಅಂಕ. ಅದೇ 50 ಮೀಟರ್ ದೂರದ ತ್ರಿಭಂಗಿ ಸ್ಪರ್ಧೆಯಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದವರು ನಮ್ಮ ಬೆಳಗಾವಿ ಗಡಿಗೆ ಹೊಂದಿಕೊಂಡ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ. ಆ ಸ್ಪರ್ಧೆಯಲ್ಲಿ ಭಾರತಕ್ಕೆ ಅದೇ ಮೊದಲ ಒಲಿಂಪಿಕ್ ಪದಕ. ಹಳ್ಳಿಯ ಹುಡುಗನೂ ಅಲ್ಲಿಗೆ ಮುಟ್ಟಬಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಬಗದಲ್ ಅಥವಾ ಔರಾದಿನ ಹುಡುಗಿಯೊಬ್ಬಳು ಎನ್.ಸಿ.ಸಿ.ಯಲ್ಲಿ ರೈಫಲ್ ಹಿಡಿದಾಗ ಅವಳಿಗೆ ಸಿಗುವುದು ಹಲವರ ಕೈ ಬದಲಿಸಿದ ರೈಫಲ್, ಆ ದಿನ ಪೆಟ್ಟಿಗೆಯಲ್ಲಿದ್ದ ಗುಂಡು. ಅವೆರಡಕ್ಕೂ ಹೊಂದಾಣಿಕೆ ಇಲ್ಲದೆ ಗುಂಡು ಚದುರಿದರೆ, ನನ್ನ ಕೈಯೇ ಸರಿಯಿಲ್ಲ ಎಂದು ಅವಳು ನಂಬಿ ಮನೆಗೆ ಹೋಗುವ ಅಪಾಯವಿದೆ. ಒಬ್ಬರನ್ನು ಈ ಆಟಕ್ಕೆ ತಕ್ಕವರಲ್ಲ ಎನ್ನುವ ಮೊದಲು, ಅದೇ ರೈಫಲ್ ಮತ್ತು ಅದೇ ಗುಂಡನ್ನು ಮರಳುಚೀಲದ ಮೇಲಿಟ್ಟು ಪರೀಕ್ಷಿಸುವುದು ತರಬೇತುದಾರರ ಕೆಲಸ. ಅದಕ್ಕೆ ಬೇಕಾದದ್ದು ನಲವತ್ತು ಗುಂಡು, ಒಂದು ಅಳತೆಪಟ್ಟಿ, ರೈಫಲ್ ಸಂಖ್ಯೆಯ ಎದುರಿಗೆ ಲಾಟ್ ಸಂಖ್ಯೆ ಬರೆದಿಡಲು ಒಂದು ನೋಟುಪುಸ್ತಕ.