ಚುರುಮುರಿ ಕೇಳಿದ್ರೆ ಚುರುಮುರಿನೇ ಕೊಟ್ಟರು!

ಬೆಂಗಳೂರಿಗೆ ಬಂದು ಏಳು ತಿಂಗಳಾಯಿತು. ವಿಜಯನಗರದ ಪಿ.ಜಿ.ಯೊಂದರಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ನಮ್ಮ ಹುಬ್ಬಳ್ಳಿ ಕಡೆಯ ತಿನಿಸಿಗೆ ಇಲ್ಲಿ ಬರವಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ ಬೇಕೆಂದರೆ ಖಾನಾವಳಿಗಳಿವೆ. ಧಾರವಾಡ ಪೇಡಾ ಬೇಕರಿಯಲ್ಲೂ ಸಿಗುತ್ತದೆ. ಸಿಗದೇ ಕಾಡಿದ್ದು ಗಿರ್ಮಿಟ್ ಒಂದೇ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಎಣ್ಣೆಯಲ್ಲಿ ಬಾಡಿಸಿ, ಅರಿಶಿನ, ಹುಣಸೆರಸ, ಬೆಲ್ಲ ಹಾಕಿ ಗೊಜ್ಜು ಮಾಡಬೇಕು. ಅದನ್ನು ಚುರುಮುರಿಗೆ ಕಲಸಿ, ಪುಟಾಣಿ ಹಿಟ್ಟು ಉದುರಿಸಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಪಕ್ಕಕ್ಕೆ ಬಿಸಿ ಮಿರ್ಚಿ. ಕಲಸಿದ ಕೂಡಲೇ ತಿನ್ನಬೇಕು, ತಡವಾದರೆ ಮೆತ್ತಗಾಗಿ ಮುದ್ದೆ. ಚಿಕ್ಕವನಿದ್ದಾಗ ಅಪ್ಪ ಸಂಜೆ ಸೈಕಲ್ ಮೇಲೆ ಕೂರಿಸಿಕೊಂಡು ದುರ್ಗದಬೈಲಿಗೆ ಕರೆದೊಯ್ಯುತ್ತಿದ್ದುದು ಇದಕ್ಕೇ.

ಇಲ್ಲಿ ಬಂದ ಹೊಸತರಲ್ಲಿ ತಳ್ಳುಗಾಡಿಯವನನ್ನು ‘ಚುರುಮುರಿ ಐತೇನ್ರಿ?’ ಎಂದೆ. ಪುರಿಗೆ ಕ್ಯಾರೆಟ್ ತುರಿ, ಈರುಳ್ಳಿ, ಖಾರದಪುಡಿ, ಎಣ್ಣೆ ಹಾಕಿ, ನಿಂಬೆಹಣ್ಣು ಹಿಂಡಿ ಪೊಟ್ಟಣ ಕೈಗಿತ್ತ.

‘ಇದಲ್ರೀ, ಬರೇ ಚುರುಮುರಿ.’

‘ಚುರುಮುರಿನೇ ಅಲ್ವಾ ಸಾರ್ ಇದು?’

ಇಬ್ಬರದ್ದೂ ಸರಿಯೇ. ನಮ್ಮಲ್ಲಿ ಚುರುಮುರಿ ಎಂದರೆ ಕಾಳು, ಇಲ್ಲಿ ಕಲಸಿದ ತಿಂಡಿ. ಆ ಕಾಳಿಗೆ ಇವರು ಕಡ್ಲೆಪುರಿ ಎನ್ನುತ್ತಾರೆ. ದಾವಣಗೆರೆಯ ರೂಮ್‌ಮೇಟ್ ಎರಡನ್ನೂ ಒಪ್ಪುವುದಿಲ್ಲ, ಅವನಿಗೆ ಅದು ಮಂಡಕ್ಕಿ!

ಕೊನೆಗೆ ಒಂದು ಖಾನಾವಳಿಯ ಬೋರ್ಡಿನಲ್ಲಿ ‘ಗಿರ್ಮಿಟ್’ ಕಂಡು ಓಡಿದೆ. ಅಡುಗೆಮನೆಯಿಂದ ಬರುವಷ್ಟರಲ್ಲಿ ಅದು ತಣ್ಣಗಾದ ಉಪ್ಪಿಟ್ಟಿನಂತಾಗಿತ್ತು. 60 ರೂಪಾಯಿ ಕೊಟ್ಟಿದ್ದಕ್ಕೆ ಪೂರ್ತಿ ತಿಂದೆ.

ಹೋದ ತಿಂಗಳು ಒಂದು ಪರೀಕ್ಷೆಯ ಆಯ್ಕೆ ಪಟ್ಟಿ ಬಂತು. ನನ್ನ ಹೆಸರಿರಲಿಲ್ಲ. ರಾತ್ರಿ ಫೋನ್ ಮಾಡಿದ ಅವ್ವ ಪಟ್ಟಿಯ ಮಾತೇ ಎತ್ತಲಿಲ್ಲ. ‘ಗೊಜ್ಜು ಅಷ್ಟೇ ಕಳಸ್ತೀನಿ. ನೀರು ಹಾಕಲಾರದ ಮಾಡೀನಿ, ಕೆಡಂಗಿಲ್ಲ. ಚುರುಮುರಿ ಅಲ್ಲೇ ತಗೋ’ ಎಂದಳು.

ಡಬ್ಬಿ ರಾತ್ರಿ ಬಸ್ಸಿನಲ್ಲಿ 400 ಕಿ.ಮೀ. ದಾಟಿ ಬಂತು. ಸಂಜೆ ಅದೇ ಗಾಡಿಯವನ ಹತ್ತಿರ ಬರೀ ಪುರಿ ಕೊಂಡೆ. ಪಿ.ಜಿ.ಯಲ್ಲಿ ಒಲೆ ಹಚ್ಚುವಂತಿಲ್ಲ, ಕಲಸಲು ಯಾರ ಅಡ್ಡಿ? ಹುರಿಗಡಲೆಯನ್ನು ಪೇಪರಿನಲ್ಲಿ ಸುತ್ತಿ ಸ್ಟೀಲ್ ಲೋಟದಿಂದ ಕುಟ್ಟಿದೆವು. ಹಿಟ್ಟಾಗಲಿಲ್ಲ, ತರಿಯಾಯಿತು. ಮಿರ್ಚಿಯ ಬದಲು ಬೀದಿಬದಿಯ ಬಜ್ಜಿ, ಅದರಲ್ಲಿ ಖಾರವೇ ಇಲ್ಲ. ಆದರೂ ಮೊದಲ ತುತ್ತಿಗೇ ಹುಳಿ, ಸಿಹಿ, ಖಾರ ಮೂರೂ ಸರಿಯಾಗಿ ಬಂದವು. ಕಣ್ಣಲ್ಲಿ ನೀರೂ ಬಂತು. ‘ಅಷ್ಟೊಂದು ಖಾರ ಏನಿಲ್ವಲ್ಲೋ’ ಎಂದ ದಾವಣಗೆರೆಯವನು. ‘ಹಸಿಮೆಣಸಿನಕಾಯಿ ಕಡಿದೆ’ ಎಂದೆ.

ಮಂಡ್ಯದವನು ‘ಒಗ್ಗರಣೆ ಪುರಿ ಥರಾನೇ ಐತೆ ಕಣ್ಲಾ’ ಎನ್ನುತ್ತಲೇ ಮೂರು ಸಲ ಹಾಕಿಸಿಕೊಂಡ.

ಡಬ್ಬಿ ತೊಳೆದಿಟ್ಟಿದ್ದೇನೆ. ಮುಂದಿನ ಪರೀಕ್ಷೆಗೆ ಹುಬ್ಬಳ್ಳಿ ಕೇಂದ್ರ ಸಿಕ್ಕರೆ ನಾನೇ ಒಯ್ಯುತ್ತೇನೆ. ಇಲ್ಲದಿದ್ದರೆ ಬಸ್ಸಿಗೆ ಹಾಕಬೇಕು.