ಒಂದು ಬೇರು, ಹತ್ತಾರು ಪದ

ಇಂಜೆಕ್ಷನ್, ಪ್ರಾಜೆಕ್ಟ್, ರಿಜೆಕ್ಟ್. ಮೂರೂ ನಮ್ಮ ದಿನಬಳಕೆಯ ಮಾತಿನಲ್ಲಿ ಬೆರೆತುಹೋಗಿವೆ. ಒಂದು ಆಸ್ಪತ್ರೆಯದು, ಒಂದು ಕಾಲೇಜಿನದು, ಇನ್ನೊಂದು ಅರ್ಜಿ ಹಾಕಿ ಕಾಯುವವರದು. ಆದರೆ ಮೂರರಲ್ಲೂ ಇರುವುದು ‘ಜೆಕ್ಟ್’ ಎಂಬ ಒಂದೇ ಬೇರು. ಲ್ಯಾಟಿನ್ನಿನಲ್ಲಿ ಅದರ ಅರ್ಥ ಎಸೆಯುವುದು. ಒಳಕ್ಕೆ ಎಸೆದರೆ ಇಂಜೆಕ್ಟ್, ಮುಂದಕ್ಕೆ ಎಸೆದರೆ ಪ್ರಾಜೆಕ್ಟ್, ಹಿಂದಕ್ಕೆ ಎಸೆದರೆ ರಿಜೆಕ್ಟ್. ಇಷ್ಟು ತಿಳಿದವರಿಗೆ, ಪೈಲಟ್ ವಿಮಾನದಿಂದ ‘ಇಜೆಕ್ಟ್’ ಆದರೆಂಬ ಸುದ್ದಿ ಓದುವಾಗ ನಿಘಂಟು ಬೇಕಾಗದು.

ಇಂಗ್ಲಿಷಿಗೆ ಈ ಸಂಪತ್ತು ಬಂದದ್ದು ಹೆಚ್ಚಾಗಿ ಫ್ರೆಂಚ್ ಮೂಲಕ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯಗಳಲ್ಲಿ ಲ್ಯಾಟಿನ್ನಿನ ಮಗಳಾದ ಫ್ರೆಂಚ್ ನೆಲೆಯೂರಿತು. ಆಮೇಲೆ ವಿದ್ವಾಂಸರು ಲ್ಯಾಟಿನ್ನಿನಿಂದ ನೇರವಾಗಿಯೂ ಪದಗಳನ್ನು ತಂದರು. ಮನೆ, ನೀರು, ತಾಯಿಯಂಥ ಪದಗಳು ಇಂಗ್ಲಿಷಿಗೆ ಸ್ವಂತದವು. ಕಾನೂನು, ವಿಜ್ಞಾನ, ಆಡಳಿತದ ಪದಗಳಲ್ಲಿ ಲ್ಯಾಟಿನ್ನಿನದೇ ಮೇಲುಗೈ. ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಬರುವ ಮಕ್ಕಳು ತಡವರಿಸುವುದೂ ಈ ಪದಗಳ ಮುಂದೆಯೇ.

ಆದರೆ ಪದವನ್ನು ಬೇರು ಹಿಡಿದು ಬಿಡಿಸುವ ಈ ವಿದ್ಯೆ ಅವರಿಗೆ ಹೊಸದಲ್ಲ. ‘ಹಾರ’ಕ್ಕೆ ಉಪಸರ್ಗ ಸೇರಿದರೆ ಆಹಾರ, ವಿಹಾರ, ಪ್ರಹಾರ, ಸಂಹಾರ ಆಗುವುದನ್ನು ವ್ಯಾಕರಣದ ಪಾಠದಲ್ಲಿ ಕಲಿತೇ ಬಂದಿರುತ್ತಾರೆ. ಹಾಗೆಯೇ ಲ್ಯಾಟಿನ್ನಿನ ‘ಪೋರ್ಟ್’ ಎಂದರೆ ಹೊರುವುದು. ಒಳಗೆ ತಂದರೆ ಇಂಪೋರ್ಟ್, ಹೊರಗೆ ಕಳಿಸಿದರೆ ಎಕ್ಸ್‌ಪೋರ್ಟ್, ಅತ್ತಕಡೆಗೆ ಸಾಗಿಸಿದರೆ ಟ್ರಾನ್ಸ್‌ಪೋರ್ಟ್. ರೈಲು ನಿಲ್ದಾಣದ ಪೋರ್ಟರ್ ಕೂಡ ಈ ಕುಟುಂಬದವರೇ. ಸಂಸ್ಕೃತ, ಗ್ರೀಕ್, ಲ್ಯಾಟಿನ್ನುಗಳಿಗೆ ಒಂದೇ ಮೂಲವಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದರು. ಆ ನಂಟಿನಿಂದಾಗಿ ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪದಗಳೂ ಇಲ್ಲಿ ಕೈಹಿಡಿಯುತ್ತವೆ: ದಂತ–ಡೆಂಟಿಸ್ಟ್, ಪಾದ–ಪೆಡಲ್, ಸಪ್ತ–ಸೆಪ್ಟೆಂಬರ್. ಹಳೆಯ ರೋಮನ್ ವರ್ಷ ಮಾರ್ಚ್‌ನಲ್ಲಿ ಶುರುವಾಗುತ್ತಿದ್ದುದರಿಂದ ಸೆಪ್ಟೆಂಬರ್ ಏಳನೆಯ ತಿಂಗಳಾಗಿತ್ತು.

ಎಚ್ಚರವೂ ಬೇಕು. ಪೆಡೆಸ್ಟ್ರಿಯನ್‌ನಲ್ಲಿರುವ ‘ಪೆಡ್’ ಲ್ಯಾಟಿನ್ನಿನ ಪಾದ. ಮಕ್ಕಳ ವೈದ್ಯರಾದ ಪೀಡಿಯಾಟ್ರಿಷಿಯನ್ ಪದದ್ದು ಗ್ರೀಕಿನ ಮಗು. ಪೆಟ್ರೋಲ್ ಟ್ಯಾಂಕರಿನ ಮೇಲಿನ ‘ಇನ್‌ಫ್ಲೇಮಬಲ್’ ನೋಡಿ ಬೆಂಕಿ ಹತ್ತದು ಎಂದುಕೊಂಡರೆ ಅಪಾಯ. ಅಲ್ಲಿನ ‘ಇನ್’ ನಿಷೇಧವಲ್ಲ. ಬೇಗ ಹೊತ್ತಿಕೊಳ್ಳುತ್ತದೆ ಎಂದೇ ಅದರ ಅರ್ಥ. ಹಾಗಾಗಿ ಮೊದಲು ಊಹಿಸಿ, ಆಮೇಲೆ ನಿಘಂಟಿನಲ್ಲಿ ಖಚಿತಪಡಿಸಿಕೊಳ್ಳುವುದು ಒಳ್ಳೆಯ ರೂಢಿ. 1949ರಲ್ಲಿ ಬಂದ ನಾರ್ಮನ್ ಲೂಯಿಸ್ ಅವರ ‘ವರ್ಡ್ ಪವರ್ ಮೇಡ್ ಈಸಿ’ ಪುಸ್ತಕ ಇಂದಿಗೂ ಓದುಗರನ್ನು ನಡೆಸುವುದು ಪದಮೂಲಗಳ ದಾರಿಯಲ್ಲೇ.

ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ದಿನಕ್ಕೆ ಹತ್ತು ಪದ ಉರುಹೊಡೆಸುವ ಬದಲು ವಾರಕ್ಕೊಂದು ಬೇರನ್ನು ಬೋರ್ಡಿನ ಮೇಲೆ ಬರೆಯಿರಿ. ‘ಸ್ಕ್ರಿಪ್ಟ್’ ಎಂದರೆ ಬರೆದದ್ದು ಎಂದಷ್ಟೇ ಹೇಳಿ, ಉಳಿದದ್ದನ್ನು ಮಕ್ಕಳಿಂದಲೇ ಕೇಳಿ. ಡಾಕ್ಟರ ಪ್ರಿಸ್ಕ್ರಿಪ್ಷನ್, ಸಿನಿಮಾದ ಸ್ಕ್ರಿಪ್ಟ್, ಯೂಟ್ಯೂಬಿನ ಸಬ್‌ಸ್ಕ್ರಿಪ್ಷನ್ ಒಂದೊಂದಾಗಿ ಬರುತ್ತವೆ. ಇಂಗ್ಲಿಷಿನ ಇಷ್ಟೊಂದು ಪದಗಳು ಆಗಲೇ ತನ್ನ ಬಾಯಲ್ಲಿವೆ ಎಂದು ಗೊತ್ತಾದ ಮಗು ಹೊಸ ಪದ ಕಂಡರೆ ಹಿಂಜರಿಯುವುದಿಲ್ಲ, ಬಿಡಿಸಿ ನೋಡುತ್ತದೆ.